ಮೂವತ್ತೇಳು ವಾರ್ನಿಂಗು

ಅವತ್ತು ಬೆಟ್ಟಸ್ವಾಮಿ ಬರುತ್ತಿದ್ದ ಬಸ್ಸು ಕಿಬ್ಬನಹಳ್ಳಿಯಲ್ಲಿ ಪಂಕ್ಚರಾಗದೇ ಇದ್ದಿದ್ದರೆ ಹಾಲಸ್ವಾಮಿಗೆ ಏನೂ ಆಗುತ್ತಿರಲಿಲ್ಲ.

ಬೆಟ್ಟಸ್ವಾಮಿ ತಿಪಟೂರಿನ ತೆಂಗು ಬೆಳೆಗಾರರ ಮಾಹಿತಿ ಕೇಂದ್ರದ ಜವಾನ. ಕಂಪ್ಯೂಟರ್ ಕೋಣೆಯ ಗಾಜನ್ನು ದಿನಾ ಬೆಳಿಗ್ಗೆ ಯಾರೂ ಬರುವ ಮುಂಚೆಯೇ ಒರೆಸಿಬಿಡುತ್ತಿದ್ದ. ಅವತ್ತು ಅವನು ಒದ್ದೆ ಪೇಪರು ಹಿಡಿದು ಗಾಜಿನ ಮುಂದೆ ನಿಂತಾಗ ಹತ್ತೂವರೆ. ಒಳಗೆ ಯಂತ್ರ ಶುರುವಾಗಿತ್ತು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದ ಸಾಲುಗಳು ಕೆಳಗಿನಿಂದ ಮೇಲಕ್ಕೆ, ಗೊದ್ದ ಇರುವೆ ಹತ್ತಿದ ಹಾಗೆ, ಒಂದರ ಹಿಂದೆ ಒಂದು ಹತ್ತುತ್ತಿದ್ದವು. ಬೆಟ್ಟಸ್ವಾಮಿ ಏಳನೇ ಕ್ಲಾಸಿನ ತನಕ ಓದಿದವನು. ದೊಡ್ಡ ಅಕ್ಷರದ ಇಂಗ್ಲಿಷನ್ನು ಕೂಡಿಸಿ ಓದಬಲ್ಲ. ಕೂಡಿಸಿದ. ವಾರ್ನಿಂಗ್. ಮುಂದಿನ ಸಾಲೂ ವಾರ್ನಿಂಗ್. ಅದರ ಮುಂದಿನದೂ ಅದೇ. ಗಾಜು ಒರೆಸುವುದನ್ನು ಬಿಟ್ಟು ಬೆರಳು ಮಡಚಿ ಎಣಿಸಿದ. ಎಲ್ಲ ಸೇರಿ ಮೂವತ್ತೇಳು.

ಒಳಗೆ ಕಂಪ್ಯೂಟರ್ ನಡೆಸುವ ಹಾಲಸ್ವಾಮಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತಿದ್ದ.

ಸರ್ಕಾರಿ ಕಾಗದ ಕಂಡ ಯಾರಿಗಾದರೂ ಗೊತ್ತು, ವಾರ್ನಿಂಗ್ ಅಂದರೇನು ಅಂತ. ಒಂದು ಬಂದರೆ ಕೆಟ್ಟ ಹೆಸರು, ಎರಡು ಬಂದರೆ ಬಡ್ತಿ ಇಲ್ಲ, ಮೂರು ಬಂದರೆ ಮನೆಗೆ. ಮೂವತ್ತೇಳು ಬಂದವನಿಗೆ ಏನಾಗುತ್ತದೆ ಎನ್ನುವುದು ಬೆಟ್ಟಸ್ವಾಮಿಯ ಲೆಕ್ಕಕ್ಕೆ ನಿಲುಕಲಿಲ್ಲ. ಪೇಪರನ್ನು ಅಲ್ಲೇ ಬಿಟ್ಟು ಹೆಡ್‌ ಕ್ಲರ್ಕು ಗಂಗಾಧರಯ್ಯನವರ ಮೇಜಿಗೆ ಓಡಿದ.

ಹಾಲಸ್ವಾಮಿ ತಲೆಯ ಮೇಲೆ ಕೈಯಿಟ್ಟಿದ್ದದ್ದು ಬೇರೆ ಕಾರಣಕ್ಕೆ. ಬೆಂಗಳೂರಿನ ಹೆಡ್ಡಾಫೀಸಿನಿಂದ ವರ್ಷದ ವರದಿಯ ಹೊಸ ನಮೂನೆ ಬಂದಿತ್ತು. ಅಲ್ಲಿನವರು ಅದನ್ನು ತಮ್ಮ ದೊಡ್ಡ ಯಂತ್ರಕ್ಕೆ ತಕ್ಕಂತೆ ಮಾಡಿದ್ದರು. ತಲೆಬರಹ ಬಂದಲ್ಲೆಲ್ಲ ‘ಇಲ್ಲಿ ದಪ್ಪ ಅಕ್ಷರ ಹಾಕು’ ಎಂದು ಗುರುತು. ತಿಪಟೂರಿನ ಪರದೆಗೆ ಗೊತ್ತಿದ್ದದ್ದು ಒಂದೇ ಥರದ ಅಕ್ಷರ. ಅದು ಗುರುತು ಕಂಡಲ್ಲೆಲ್ಲ ದಪ್ಪ ಅಕ್ಷರ ಹುಡುಕುತ್ತಿತ್ತು, ಸಿಗದೆ ‘ವಾರ್ನಿಂಗ್: ಫಾಂಟ್ ಸಿಗುತ್ತಿಲ್ಲ’ ಎಂದು ಹೇಳಿ ಮುಂದೆ ಹೋಗುತ್ತಿತ್ತು. ವರದಿಯಲ್ಲಿ ಕಪ್ಪುತಲೆ ಹುಳದಿಂದ ಹಿಡಿದು ಕೊಬ್ಬರಿ ಒಣಗಿಸುವ ಅಟ್ಟದವರೆಗೆ ಮೂವತ್ತೇಳು ತಲೆಬರಹಗಳಿದ್ದವು.

ಇಷ್ಟನ್ನು ಯಾರಿಗಾದರೂ ಹೇಳಿಕೊಳ್ಳೋಣ ಎಂದರೆ ಹಾಲಸ್ವಾಮಿಗೆ ಯಾರೂ ಇರಲಿಲ್ಲ. ಎಂಟು ತಿಂಗಳ ಹಿಂದೆ ಅವನೂ ಹೊರಗಿನ ದೊಡ್ಡ ಹಾಲಿನಲ್ಲೇ ಎಲ್ಲರ ಜೊತೆ ಕೂರುತ್ತಿದ್ದ. ಹಂದನಕೆರೆಯವನು, ಮೂವರು ತಂಗಿಯರ ಮದುವೆ ಮಾಡಿ ಮುಗಿಸುವ ಹೊತ್ತಿಗೆ ಅವನ ಮದುವೆಯ ವಯಸ್ಸು ಮುಗಿದಿತ್ತು. ಸ್ಟೇಷನ್ ರಸ್ತೆಯಲ್ಲಿ ಒಂಟಿ ರೂಮು, ಮೆಸ್ಸಿನ ಊಟ. ಅವನಿಗೆ ಮನೆ ಅಂತ ಇದ್ದದ್ದು ಆ ಹಾಲು. ಟೈಪ್‌ರೈಟರಿನ ಟಕಟಕ, ಗಂಗಾಧರಯ್ಯನವರ ನಶ್ಯದ ಸೀನು, ನಾಲ್ಕು ಗಂಟೆಗೆ ಮೇಜಿನ ನಡುವೆ ಸುರಿಯುತ್ತಿದ್ದ ಕಡ್ಲೆಪುರಿ, ಅದರ ಸುತ್ತ ಊರ ಮೇಲಿನ ಮಾತು. ಕಂಪ್ಯೂಟರ್ ಬಂದಾಗ ‘ಯಾರು ಕಲೀತೀರಿ?’ ಎಂದು ಸಾಹೇಬರು ಕೇಳಿದ್ದರು. ಎಲ್ಲರೂ ಹಿಂದೆ ಸರಿದರು. ಹಾಲಸ್ವಾಮಿ ಸರಿಯುವುದು ಅರ್ಧ ನಿಮಿಷ ತಡವಾಯಿತು.

ಅವತ್ತಿನಿಂದ ಅವನು ಗಾಜಿನೊಳಗಿನ ಮನುಷ್ಯ. ಯಂತ್ರಕ್ಕೆ ಧೂಳಾಗಬಾರದು, ಸೆಖೆಯಾಗಬಾರದು. ಆದ್ದರಿಂದ ಬಾಗಿಲು ಮುಚ್ಚಿರಬೇಕು, ಏಸಿ ಓಡುತ್ತಿರಬೇಕು, ಚಪ್ಪಲಿ ಹೊರಗೆ ಬಿಡಬೇಕು. ಚಪ್ಪಲಿ ಬಿಚ್ಚುವ ಸೋಮಾರಿತನಕ್ಕೆ ಯಾರೂ ಒಳಗೆ ಬರಲಿಲ್ಲ. ಹೊರಗೆ ಬಾಯಿಗಳು ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ನಕ್ಕಾಗ ಅವನೂ ಇತ್ತ ನಕ್ಕುಬಿಡುತ್ತಿದ್ದ, ಯಾಕೆಂದು ಗೊತ್ತಿಲ್ಲದೆ. ಮೊದಮೊದಲು ನಾಲ್ಕು ಗಂಟೆಗೆ ಎದ್ದು ಹೊರಗೆ ಹೋಗುತ್ತಿದ್ದ. ಅವನು ಸೇರುವ ಹೊತ್ತಿಗೆ ಕತೆ ಅರ್ಧ ಆಗಿರುತ್ತಿತ್ತು. ಯಾರಿಗೂ ಮತ್ತೆ ಮೊದಲಿಂದ ಹೇಳುವ ಉತ್ಸಾಹ ಇರುತ್ತಿರಲಿಲ್ಲ. ಆಮೇಲೆ ಹೋಗುವುದು ಬಿಟ್ಟ.

ಅದಕ್ಕೇ ಅವತ್ತು ಹನ್ನೊಂದು ಗಂಟೆಗೆ ಬಾಗಿಲು ತೆರೆದು ಗಂಗಾಧರಯ್ಯನವರು ಬರಿಗಾಲಲ್ಲಿ ಒಳಗೆ ಬಂದಾಗ ಹಾಲಸ್ವಾಮಿ ಗಾಬರಿಯಾಗಿ ಎದ್ದುನಿಂತ.

“ಕೂತ್ಕೊಳಯ್ಯಾ, ಕೂತ್ಕೊ,” ಎಂದರು ಗಂಗಾಧರಯ್ಯ, ಸಾವಿನ ಮನೆಗೆ ಬಂದವರ ದನಿಯಲ್ಲಿ. “ಬೆಟ್ಟಸ್ವಾಮಿ ಎಲ್ಲಾ ಹೇಳ್ದ. ಮೂವತ್ತೇಳಂತೆ?”

“ಹೌದು ಸಾರ್. ಬೆಳಿಗ್ಗೆಯಿಂದ ಅದೇ...”

“ಅಯ್ಯೋ ಶಿವನೇ! ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಎರಡೇ ಎರಡು ವಾರ್ನಿಂಗ್ ಬಂದಿದ್ದು ಕಣಯ್ಯಾ. ಎರಡನೇದು ಬಂದಾಗ ಒಂದು ವಾರ ಅನ್ನ ಸೇರಲಿಲ್ಲ. ನೀನು ಹೆಂಗಯ್ಯಾ ತಡ್ಕೊಂಡಿದ್ದೀಯ?”

ಆಗ ಹಾಲಸ್ವಾಮಿಗೆ ಅರ್ಥವಾಯಿತು. ‘ಅಯ್ಯೋ, ಅದು ಹಂಗಲ್ಲ ಸಾರ್, ಇದು ಯಂತ್ರ ಹೇಳೋದು’ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಗಂಗಾಧರಯ್ಯನವರು ಅವನ ಹೆಗಲ ಮೇಲೆ ಕೈಯಿಟ್ಟರು. ಎಂಟು ತಿಂಗಳಲ್ಲಿ ಅವನ ಹೆಗಲ ಮೇಲೆ ಬಿದ್ದ ಮೊದಲ ಕೈ. ಬೆಚ್ಚಗಿತ್ತು, ನಶ್ಯದ ವಾಸನೆ ಹೊಡೆಯುತ್ತಿತ್ತು. ಹಾಲಸ್ವಾಮಿಯ ಬಾಯಿ ತಾನಾಗಿ ಮುಚ್ಚಿಕೊಂಡಿತು.

“ಏನೋ, ತಡ್ಕೊಂಡಿದ್ದೀನಿ ಸಾರ್,” ಎಂದ.

ಗಂಗಾಧರಯ್ಯ ಕುರ್ಚಿ ಎಳೆದುಕೊಂಡು ಏಸಿಯ ಎದುರಿಗೇ ಕೂತರು. ಅಂಗಿಯ ಎರಡು ಗುಂಡಿ ಬಿಚ್ಚಿ ನಿಟ್ಟುಸಿರು ಬಿಟ್ಟರು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಹೆಂಚನ್ನು ಕಾಯಿಸುತ್ತಿತ್ತು. ಹಾಲಿನ ಏಕಮಾತ್ರ ಫ್ಯಾನು ಮುದಿ ಎತ್ತಿನ ಹಾಗೆ ಸುತ್ತುತ್ತಿತ್ತು. ಮುಕ್ಕಾಲು ಗಂಟೆ ಕೂತು ಸಮಾಧಾನ ಹೇಳಿದರು. ನಡುವೆ ನಡುವೆ, “ಅಲ್ಲಯ್ಯಾ, ಇದನ್ನ ಕಲಿಯೋಕೆ ನಿನಗೆ ಎಷ್ಟು ದಿನ ಹಿಡೀತು? ಯಾವ ಗುಂಡಿ ಒತ್ತಿದ್ರೆ ಶುರುವಾಗುತ್ತೆ?” ಎಂದು ವಿಚಾರಿಸಿದರು. ಮನಸ್ಸನ್ನು ಬೇರೆ ಕಡೆ ತಿರುಗಿಸಲು ಕೇಳುತ್ತಿದ್ದಾರೆ, ದೊಡ್ಡ ಮನುಷ್ಯರು, ಎಂದುಕೊಂಡು ಹಾಲಸ್ವಾಮಿ ಎಲ್ಲ ತೋರಿಸಿದ.

ಅವರು ಹೋದ ಮೇಲೆ ಟೈಪಿಸ್ಟ್ ಗಿರಿಜಾಂಬಿಕಾ ಬಂದಳು. ಡಬ್ಬಿಯ ಮುಚ್ಚಳದಲ್ಲಿ ಚಿತ್ರಾನ್ನ.

“ತಿನ್ರಿ ಹಾಲಸ್ವಾಮಿಯವ್ರೇ. ಹೊಟ್ಟೆ ಮೇಲೆ ಸಿಟ್ಟು ಮಾಡ್ಕೋಬೇಡಿ. ಮೆಸ್ಸಿನಲ್ಲಿ ಏನು ತಿಂತೀರೋ ಏನೋ.”

ಮನೆಯ ಒಗ್ಗರಣೆ ತಿಂದು ಎಷ್ಟು ದಿನವಾಗಿತ್ತೋ. ಹಾಲಸ್ವಾಮಿಗೆ ಕಣ್ಣು ಮಂಜಾಯಿತು. ಅದನ್ನು ನೋಡಿ ಗಿರಿಜಾಂಬಿಕಾ ಮೂಗು ಸುರ್ ಎಂದೆಳೆದುಕೊಂಡಳು.

“ಇದು ನಮ್ಮ ಟೈಪ್‌ರೈಟರ್ ಥರಾನೇ ಅಲ್ವಾ?” ಎಂದಳು, ಕೀಲಿಗಳ ಮೇಲೆ ಬೆರಳಾಡಿಸಿ. “ಕೀ ಮೆತ್ತಗಿದೆ. ಬೆರಳೇ ನೋಯಲ್ಲ. ಪಾಪ, ಇಂಥಾದ್ರ ಮುಂದೆ ಕೂತು ವಾರ್ನಿಂಗ್ ತಗೊಳ್ಳೋದು ಅಂದ್ರೆ!”

ಮೂರನೆಯವನು ತಿಮ್ಮಯ್ಯ. ತೋಟ ತೋಟ ತಿರುಗಿ ಮರ ಎಣಿಸಿಕೊಂಡು ಬರುವ ಕೆಲಸ ಅವನದು. ಅವತ್ತು ಹುಳಿಯಾರಿನ ಬಿಸಿಲಲ್ಲಿ ನಾಲ್ಕು ತೋಟ ಮುಗಿಸಿ, ಬೆಂದ ಬದನೆಕಾಯಿ ಆಗಿ ಬಂದಿದ್ದ. ಸುದ್ದಿ ಕೇಳಿದ್ದೇ ನೇರ ಒಳಗೆ ನುಗ್ಗಿದ.

“ಯಾವನ್ಲಾ ಅವನು ನಿನಗೆ ವಾರ್ನಿಂಗ್ ಕೊಟ್ಟೋನು?” ಎಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದ. “ಫಾಂಟ್ ಸಿಗ್ತಿಲ್ಲ ಅಂತದೆ. ಫಾಂಟ್ ಅನ್ನೋನು ಯಾರು? ಎಲ್ಲಿಗ್ಲಾ ಹೋದ? ಅವನು ಕಾಣೆಯಾದ್ರೆ ನಿನಗ್ಯಾಕೆ ಬಯ್ತಾರೆ?”

“ಅದು... ಬೆಂಗಳೂರಿನಲ್ಲಿ ಇರೋದು,” ಎಂದ ಹಾಲಸ್ವಾಮಿ. ಸುಳ್ಳೇನೂ ಅಲ್ಲ.

“ಹಂಗಾದ್ರೆ ಬೆಂಗಳೂರಿನೋರೇ ಹುಡುಕ್ಕೊಳ್ಳಿ. ನೀನೇನ್ ಅವನ ಕಾವಲುಗಾರನಾ? ಹೆದರ್ಬ್ಯಾಡ ಬುಡು, ನಾವೆಲ್ಲಾ ಇದ್ದೀವಿ.” ಹಾಗೆಂದು ತಿಮ್ಮಯ್ಯ ನೆಲದ ಮೇಲೆ ಗೋಡೆಗೊರಗಿ ಕಾಲು ಚಾಚಿದ. “ಏನ್ ತಂಪು ಕಣ್ಲಾ,” ಎಂದವನು ಐದೇ ನಿಮಿಷದಲ್ಲಿ ಗೊರಕೆ ಹೊಡೆದ. ಹಾಲಸ್ವಾಮಿಗೆ ಆ ಗೊರಕೆಯೂ ಸಂಗೀತದ ಹಾಗೆ ಕೇಳಿಸಿತು. ಕೋಣೆಯಲ್ಲಿ ಇನ್ನೊಬ್ಬ ಮನುಷ್ಯ ಉಸಿರಾಡುತ್ತಿದ್ದ.

ಎರಡು ಗಂಟೆಗೆ ಅವನು ಬೆಂಗಳೂರಿಗೆ ಬುಕ್ ಮಾಡಿದ್ದ ಟ್ರಂಕ್ ಕಾಲ್ ಸಿಕ್ಕಿತು. ಹೆಡ್ಡಾಫೀಸಿನ ಇಂಜಿನಿಯರು ಕೇಳಿಸಿಕೊಂಡು ನಕ್ಕ.

“ಅಷ್ಟೇನಾ? ನಿಮ್ಮ ಟರ್ಮಿನಲ್‌ಗೆ ದಪ್ಪ ಅಕ್ಷರ ಬರಲ್ಲ, ಅದಕ್ಕೇ ಹೇಳ್ಕೊಳುತ್ತೆ ಪಾಪ. ವರದಿಯ ಮೇಲ್ಗಡೆ ಒಂದೇ ಒಂದು ಸಾಲು ಸೇರಿಸಿ, ದಪ್ಪದ ಬದಲು ಮಾಮೂಲಿ ಅಕ್ಷರ ತಗೋ ಅಂತ. ಹೇಳ್ತೀನಿ, ಬರ್ಕೊಳ್ಳಿ. ಒಂದು ವಾರ್ನಿಂಗೂ ಬರಲ್ಲ.”

ಆ ಸಾಲು ಏಳೇ ಏಳು ಅಕ್ಷರದ್ದು, ಅದರಲ್ಲೂ ಒಂದು ಚುಕ್ಕೆ, ಎರಡು ಜಾಗ. ಹಾಲಸ್ವಾಮಿ ಚೀಟಿಯನ್ನು ಪರದೆಯ ಪಕ್ಕ ಇಟ್ಟುಕೊಂಡು ಚುಕ್ಕೆ ಒತ್ತಿದ. ಒಂದು ಅಕ್ಷರ ಒತ್ತಿದ. ಗಾಜಿನಾಚೆ ನೋಡಿದ. ಗಂಗಾಧರಯ್ಯ, ಗಿರಿಜಾಂಬಿಕಾ, ಟೀ ತಟ್ಟೆ ಹಿಡಿದ ಬೆಟ್ಟಸ್ವಾಮಿ, ಮೂವರೂ ಬಾಗಿಲ ಹತ್ತಿರ ಚಪ್ಪಲಿ ಬಿಚ್ಚುತ್ತಿದ್ದರು. ಅವನ ಕೈ ನಿಂತಿತು. ಇನ್ನು ಐದು ಅಕ್ಷರ ಒತ್ತಿದರೆ ವಾರ್ನಿಂಗ್ ಹೋಗುತ್ತದೆ. ವಾರ್ನಿಂಗ್ ಹೋದರೆ ಇವರೂ ಹೋಗುತ್ತಾರೆ. ಒತ್ತಿದ್ದನ್ನು ಅಳಿಸಿದ. ಚೀಟಿಯನ್ನು ಜೇಬಿಗೆ ಸೇರಿಸಿದ. ಮೂವರೂ ಒಳಗೆ ಕಾಲಿಡುವ ಹೊತ್ತಿಗೆ ವರದಿಯನ್ನು ಇನ್ನೊಂದು ಸಲ ಓಡಿಸಿಯೇಬಿಟ್ಟ.

ಹಸಿರು ಸಾಲುಗಳು ಮತ್ತೆ ಹತ್ತತೊಡಗಿದವು.

“ಅಯ್ಯಯ್ಯೋ, ಈಗ ಬತ್ತಾ ಐತೆ ನೋಡಿ ಸಾ!” ಎಂದು ಬೆಟ್ಟಸ್ವಾಮಿ ಟೀ ತುಳುಕಿಸಿದ. “ಮದ್ಯಾನದ್ದು ಬೇರೆ ಮೂವತ್ತೇಳು!”

“ಎಪ್ಪತ್ನಾಲ್ಕು,” ಎಂದರು ಗಂಗಾಧರಯ್ಯ, ಬಣ್ಣಗೆಟ್ಟ ಮುಖದಲ್ಲಿ. “ಇಷ್ಟು ನಿರ್ದಯಿಗಳು ಇರ್ತಾರಾ!”

ತಿಮ್ಮಯ್ಯ ಗೊರಕೆ ನಿಲ್ಲಿಸಿ ಎದ್ದು ಕೂತು, ಬೆಂಗಳೂರಿನವರ ವಂಶವನ್ನೆಲ್ಲ ಬೈದ. ಗಿರಿಜಾಂಬಿಕಾ ಹಾಲಸ್ವಾಮಿಗೆ ತನ್ನ ಟೀಯನ್ನೂ ಕೊಟ್ಟಳು. ಯಾರೋ ಹೋಗಿ ಕಡ್ಲೆಪುರಿ ತಂದರು. ಕೀಬೋರ್ಡಿನ ಪಕ್ಕದಲ್ಲೇ ಪೇಪರು ಹಾಸಿ ಸುರಿದರು. ಹಳೆಯ ಸಂಗತಿಗಳೆಲ್ಲ ಬಂದವು. ಕೊಬ್ಬರಿ ಮೂಟೆಯ ಮೇಲೆ ನಿದ್ದೆಹೋಗಿ ಲಾರಿಯ ಜೊತೆ ಅರಸೀಕೆರೆ ತಲುಪಿದ್ದ ಜವಾನನ ಕತೆಯನ್ನು ಗಂಗಾಧರಯ್ಯ ಮೊದಲಿನಿಂದ ಕೊನೆಯವರೆಗೆ ಹೇಳಿದರು, ಹಾಲಸ್ವಾಮಿಯ ಮುಖ ನೋಡಿಯೇ ಹೇಳಿದರು. ಎಲ್ಲರೂ ನಕ್ಕರು. ಈ ಸಲ ಯಾಕೆ ನಗುತ್ತಿದ್ದೇನೆ ಎಂದು ಹಾಲಸ್ವಾಮಿಗೆ ಗೊತ್ತಿತ್ತು. ಕತೆ ತಣ್ಣಗಾಗುವ ಸೂಚನೆ ಕಂಡಾಗ ಅವನು ಮೇಜಿನ ಮೂಲೆಯಿಂದ ಕೈ ಚಾಚಿ ಗುಟ್ಟಾಗಿ ಒಂದು ಕೀಲಿ ಒತ್ತಿದ. ನೂರಾ ಹನ್ನೊಂದಾಯಿತು.

“ಇನ್ನು ಸುಮ್ನಿರಬಾರದು,” ಎಂದು ಗಂಗಾಧರಯ್ಯ ಎದ್ದರು. “ಸಾಹೇಬ್ರು ನಾಲ್ಕೂವರೆಗೆ ಬರ್ತಾರೆ. ಬರ್ದು ಕೊಡೋಣ.”

“ನನಗಾಗಿ ಅಷ್ಟೆಲ್ಲ ಯಾಕೆ ಸಾರ್...” ಎಂದ ಹಾಲಸ್ವಾಮಿ.

“ನೀನು ಸುಮ್ನಿರಯ್ಯಾ,” ಎಂದು ಗಂಗಾಧರಯ್ಯ ಅವನ ಪೆನ್ನನ್ನೇ ತೆಗೆದುಕೊಂಡು ಹೊರಟರು.

ಹಾಲಸ್ವಾಮಿ ಗಾಜಿನಾಚೆ ನೋಡುತ್ತ ಕೂತ. ಗಂಗಾಧರಯ್ಯ ಕಾಗದಕ್ಕೆ ಎಡಗೈ ಅಡ್ಡವಿಟ್ಟುಕೊಂಡು ಬರೆಯುತ್ತಿದ್ದರು. ತಿಮ್ಮಯ್ಯ ನಾಲಗೆ ಕಚ್ಚಿಕೊಂಡು, ಪರೀಕ್ಷೆ ಬರೆಯುವ ಹುಡುಗನ ಹಾಗೆ ಗೋಡೆ ಕಡೆ ತಿರುಗಿ ಬರೆಯುತ್ತಿದ್ದ. ಗಿರಿಜಾಂಬಿಕಾ ಟೈಪ್ ಮಾಡುತ್ತಿದ್ದಳು. ಬೆಟ್ಟಸ್ವಾಮಿಯೂ ಸ್ಟೂಲಿನ ಮೇಲೆ ಕಾಗದವಿಟ್ಟು ಮೊಣಕಾಲೂರಿದ್ದ. ಒಟ್ಟಿಗೆ ಒಂದು ಅರ್ಜಿ ಸಾಕಾಗಿತ್ತು. ಆದರೂ ಒಬ್ಬೊಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಬರೆಯುತ್ತಿದ್ದಾರಲ್ಲ! ಹಾಲಸ್ವಾಮಿಗೆ ನಾಚಿಕೆಯಾಯಿತು. ಇಂಥ ಮನುಷ್ಯರಿಗೆ ಮೋಸ ಮಾಡಿದೆನಲ್ಲ ಎಂದುಕೊಂಡ. ಸಾಹೇಬರ ಮುಂದೆ ನಿಜ ಹೇಳಿ, ಎಲ್ಲರ ಕ್ಷಮೆ ಕೇಳಿ, ನನ್ನನ್ನು ಇವರ ಜೊತೆ ಕೂರಿಸಿ ಎಂದು ಕೇಳಿಕೊಳ್ಳುವುದೇ ಸರಿ ಎಂದು ತೀರ್ಮಾನಿಸಿದ.

ಸಾಹೇಬರಾದ ತೋಂಟದಾರ್ಯ ಅವರು ಐದಕ್ಕೆ ಅವನನ್ನು ಕರೆಸಿದರು. ಹಾಲಸ್ವಾಮಿ ಕೂರದೆಯೇ ಎಲ್ಲ ಹೇಳಿದ. ದಪ್ಪ ಅಕ್ಷರ, ತೆಳು ಅಕ್ಷರ, ಸಿಗದ ಫಾಂಟು, ಇಂಜಿನಿಯರು ಕೊಟ್ಟ ಸಾಲು, ತಾನು ಬೇಕೆಂದೇ ಅದನ್ನು ಹಾಕದೆ ಉಳಿದದ್ದು.

“ಹಂಗಾದ್ರೆ ನಿನಗೆ ಯಾರೂ ವಾರ್ನಿಂಗ್ ಕೊಟ್ಟಿಲ್ಲ?”

“ಇಲ್ಲ ಸಾರ್.”

“ನೀನು ಕೆಲಸ ಬಿಟ್ಟೂ ಹೋಗ್ತಿಲ್ಲ?”

“ನಾನ್ಯಾಕೆ ಹೋಗ್ಲಿ ಸಾರ್?”

“ಮತ್ತೆ ಇವನ್ನೇನು ಮಾಡ್ಲಿ?” ಎಂದು ಸಾಹೇಬರು ನಾಲ್ಕು ಕಾಗದ ಅವನ ಕಡೆ ತಳ್ಳಿದರು.

ಹಾಲಸ್ವಾಮಿ ಕಣ್ಣೊರೆಸಿಕೊಂಡು ಮೊದಲನೆಯದನ್ನು ಎತ್ತಿಕೊಂಡ. ಗಂಗಾಧರಯ್ಯನವರ ಮುತ್ತಿನಂಥ ಅಕ್ಷರ, ಅವನದೇ ಪೆನ್ನಿನ ಶಾಯಿ. ‘ಶ್ರೀ ಹಾಲಸ್ವಾಮಿಯವರ ಸ್ಥಾನವು ಸದ್ಯದಲ್ಲೇ ತೆರವಾಗುವುದು ಖಚಿತವಾಗಿರುವುದರಿಂದ, ಹಿರಿತನದ ಆಧಾರದ ಮೇಲೆ ಸದರಿ ಹವಾನಿಯಂತ್ರಿತ ಕೊಠಡಿಗೆ ನನ್ನನ್ನು ಪರಿಗಣಿಸಬೇಕೆಂದು ಕೋರುತ್ತೇನೆ. ಯಂತ್ರವನ್ನು ಈ ದಿನ ಕೂಲಂಕಷವಾಗಿ ಪರಿಶೀಲಿಸಿರುತ್ತೇನೆ.’

ಎರಡನೆಯದು ತಿಮ್ಮಯ್ಯನದು. ಬಿಸಿಲಲ್ಲಿ ತಿರುಗಿ ತಲೆ ಸುತ್ತು ಬರುತ್ತಿದೆ, ಡಾಕ್ಟರು ತಂಪಿನಲ್ಲಿರಲು ಹೇಳಿದ್ದಾರೆ, ಹಾಲಸ್ವಾಮಿ ಹೇಗೂ ಹೋಗುತ್ತಾನೆ. ಮೂರನೆಯದು ಬೆಟ್ಟಸ್ವಾಮಿಯದು, ಆ ಕೋಣೆಗೆ ಒಳಗಡೆಯೇ ಕೂರುವ ಪ್ರತ್ಯೇಕ ಜವಾನ ಬೇಕು ಎಂದು. ನಾಲ್ಕನೆಯದನ್ನು ತೆಗೆಯಲು ಹಾಲಸ್ವಾಮಿಗೆ ಕೈ ಬರಲಿಲ್ಲ. ಬಾಯಲ್ಲಿ ಇನ್ನೂ ಒಗ್ಗರಣೆಯ ರುಚಿ ಇತ್ತು. ಟೈಪ್ ಮಾಡಿದ ಕಾಗದ ಅದೊಂದೇ. ಇದ್ದಲ್ಲೇ ಓದಿದ, ಒಂದು ತಪ್ಪೂ ಇರಲಿಲ್ಲ.

“ಸಾರ್,” ಎಂದ, ಕೈಯಲ್ಲಿದ್ದ ಮೂರನ್ನೂ ಜೋಡಿಸಿ ಮೇಜಿನ ಮೇಲಿಟ್ಟು. “ಇವ್ರಲ್ಲಿ ಯಾರಿಗಾದ್ರೂ ಕೊಟ್ಟುಬುಡಿ ಸಾರ್. ನಾನು ಕಲಿಸಿಕೊಡ್ತೀನಿ. ನನ್ನ ಹಳೇ ಜಾಗಕ್ಕೆ ನನ್ನ ಹಾಕಿ.”

“ಇವ್ರಿಗಾ?” ಸಾಹೇಬರು ನಕ್ಕರು. “ನಾನು ಬರ್ತಾ ಗಾಜಿನೊಳಗೆ ನೋಡ್ದೆ, ಕೀಬೋರ್ಡಿನ ಪಕ್ಕ ಪುರಿ ಚೆಲ್ಲಿತ್ತು. ಎಲ್ಲಾ ಕೆಲಸ ಬಿಟ್ಟು ನಿನ್ನ ಕೋಣೇಲಿ ಕೂತು ತಿಂದಿದ್ದಾರೆ. ಇವ್ರನ್ನ ಒಳಗೆ ಬಿಟ್ರೆ ಯಂತ್ರದ ಮೇಲೆ ಹಪ್ಪಳ ಒಣಗಿಸ್ತಾರೆ. ಅಲ್ಲಿ ಕೆಲಸ ಮಾಡೋನು ನೀನೊಬ್ನೇ ಕಣಯ್ಯಾ. ನೀನು ರಿಟೈರಾಗೋ ತನಕ ಆ ಕೋಣೆ ನಿಂದೇ. ಇನ್ಮೇಲೆ ಒಬ್ರೂ ಒಳಗೆ ಕಾಲಿಡಬಾರದು, ಇಣುಕೂ ನೋಡಬಾರದು. ಈಗಿಂದೀಗ್ಲೇ ಗಾಜಿಗೆ ಕಪ್ಪು ಕಾಗದ ಅಂಟಿಸೋಕೆ ಹೇಳ್ತೀನಿ. ನೀನು ಆ ಸಾಲು ಹಾಕಿ ವರದಿ ಮುಗಿಸಿ ಹೋಗು.”

ಇದನ್ನು ಸಾಹೇಬರು ಬಹುಮಾನ ಕೊಡುವವರ ದನಿಯಲ್ಲೇ ಹೇಳಿದರು. ಹಾಲಸ್ವಾಮಿ ಕೈ ಮುಗಿದು ಬಂದ.

ಸಾಹೇಬರ ಬಾಗಿಲಲ್ಲಿ ನಿಂತಿದ್ದ ಬೆಟ್ಟಸ್ವಾಮಿಯಿಂದ ಹಾಲಿಗೆ ಅವನಿಗಿಂತ ಮುಂಚೆ ಸುದ್ದಿ ಬಂದಿತ್ತು. ಗಂಗಾಧರಯ್ಯ ಡ್ರಾಯರಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಗಿರಿಜಾಂಬಿಕಾ ಟೈಪ್‌ರೈಟರಿಗೆ ಮುಸುಕು ಹಾಕುತ್ತಿದ್ದಳು. ತಿಮ್ಮಯ್ಯ ಮಾತ್ರ, “ಬರೀ ಅಕ್ಷರದ್ದಂತಲ್ಲೋ, ಮೊದ್ಲೇ ಬೊಗಳೋಕೆ ಏನಾಗಿತ್ಲಾ?” ಎಂದು ಮುಖ ತಿರುಗಿಸಿದ.

ಬೆಟ್ಟಸ್ವಾಮಿ ಅಂಟಿನ ಡಬ್ಬಿ ಹಿಡಿದು ಒಳಗೆ ಬಂದು, ಒಳಗಡೆಯಿಂದ ಗಾಜಿನ ಉದ್ದಕ್ಕೂ ಕಪ್ಪು ಕಾಗದ ಅಂಟಿಸಿದ. ಹಾಲಸ್ವಾಮಿಯ ಕಡೆ ನೋಡಲಿಲ್ಲ. ಬಾಗಿಲು ಹಾಕಿಕೊಂಡು ಹೋದ.

ಹಾಲಸ್ವಾಮಿ ಆ ಏಳು ಅಕ್ಷರದ ಸಾಲನ್ನು ವರದಿಯ ತಲೆಯ ಮೇಲೆ ಸೇರಿಸಿ ಓಡಿಸಿದ. ವರದಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸರಾಗವಾಗಿ ಹರಿದು ಹೋಯಿತು. ತಲೆಬರಹವೂ ಒಂದೇ, ಒಳಗಿನ ಮಾತೂ ಒಂದೇ, ಎಲ್ಲ ಒಂದೇ ಥರದ ಅಕ್ಷರ. ಒಂದು ವಾರ್ನಿಂಗೂ ಇಲ್ಲ. ಕೊನೆಗೆ ಖಾಲಿ ಪರದೆಯ ಮೂಲೆಯಲ್ಲಿ ಒಂದು ಹಸಿರು ಚೌಕ ಮಿಟುಕುತ್ತ ಉಳಿಯಿತು. ಏಸಿಯ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ.

ಎರಡು ಕಾಗದ ಕೂಡುವ ಕಡೆ ಬೆರಳಗಲ ಸಂದು ಉಳಿದಿತ್ತು. ಹಾಲಸ್ವಾಮಿ ಎದ್ದು ಹೋಗಿ ಅದಕ್ಕೆ ಕಣ್ಣಿಟ್ಟ. ಹೊರಡುವ ಹೊತ್ತು. ಗಂಗಾಧರಯ್ಯನವರು ತಮ್ಮ ಮೇಜಿನಿಂದ ಎದ್ದು ನೇರವಾಗಿ ಗಾಜಿನ ಕಡೆಗೇ ಬಂದರು. ಹಾಲಸ್ವಾಮಿ ಅಂಗಿಯ ಕಾಲರು ಸರಿಮಾಡಿಕೊಂಡ. ಎಷ್ಟಾದರೂ ಹಿರಿಯರು, ಒಂದು ಮಾತು ಹೇಳಿ ಹೋಗೋಣ ಅಂತ ಬರುತ್ತಿದ್ದಾರೆ ಎಂದುಕೊಂಡ. ಅವರು ಗಾಜಿನ ಮುಂದೆ ನಿಂತು, ಜೇಬಿನಿಂದ ಬಾಚಣಿಗೆ ತೆಗೆದು, ಇದ್ದ ನಾಲ್ಕು ಕೂದಲನ್ನು ಎಡದಿಂದ ಬಲಕ್ಕೆ ಹೊಂದಿಸಿಕೊಂಡು ಹೋದರು. ಹಿಂದೆಯೇ ಗಿರಿಜಾಂಬಿಕಾ ಬಂದಳು. ಜಡೆಯ ಕನಕಾಂಬರ ಸರಿಮಾಡಿಕೊಂಡು, ಹಣೆಯ ಕುಂಕುಮ ಒತ್ತಿಕೊಂಡು, ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿಕೊಂಡಳು. ಹಿಂದೆ ಕಪ್ಪು ಕಾಗದ ಬಿದ್ದ ಮೇಲೆ ಆ ಗಾಜು ಆಫೀಸಿಗೆಲ್ಲ ಒಂದು ಆಳೆತ್ತರದ ಕನ್ನಡಿಯಾಗಿತ್ತು. ಎಂಟು ತಿಂಗಳಲ್ಲಿ ಅವರು ಯಾರೂ ಅದಕ್ಕೆ ಇಷ್ಟು ಹತ್ತಿರ ಬಂದಿರಲಿಲ್ಲ.

ಕೊನೆಗೆ ತಿಮ್ಮಯ್ಯ ಬಂದ. ಸಂದಿನ ಎದುರಿಗೇ ನಿಂತು, ಅಗಲವಾಗಿ ಬಾಯಿ ತೆರೆದು ಹಲ್ಲು ಕಿರಿದ. ಹಾಲಸ್ವಾಮಿಗೆ ತಡೆಯಲಾಗಲಿಲ್ಲ. ಕತ್ತಲ ಕೋಣೆಯಲ್ಲಿ ಅವನೂ ಮುಖ ತುಂಬ ನಕ್ಕ. ತಿಮ್ಮಯ್ಯ ಕಿರುಬೆರಳಿನ ಉಗುರಿನಿಂದ ಹಲ್ಲಿನ ಸಂದಿಯ ಕಡ್ಲೆ ಸಿಪ್ಪೆ ತೆಗೆದು, ಅದನ್ನು ಗಾಜಿಗೆ ಒರೆಸಿ ಹೊರಟುಹೋದ.